ಇವಿ ಕಾಲದಲ್ಲಿ ಗಾಡಿ ತೆರಿಗೆ: ಯಾರು ಎಷ್ಟು ಕಟ್ಟಬೇಕು ಅಂತ ನೀವೇ ಲೆಕ್ಕ ಹಾಕುವುದು ಹೇಗೆ

ಎಲೆಕ್ಟ್ರಿಕ್ ಗಾಡಿಗೆ ತೆರಿಗೆ ಹಾಕಬೇಕಾ ಬೇಡವಾ ಅಂತ ಜಗಳ ಆಡುವುದು ಸುಲಭ. ಇವಿ ಇಟ್ಟುಕೊಂಡವರು ಬೇಡ ಅನ್ನುತ್ತಾರೆ, ಪೆಟ್ರೋಲ್ ಹಾಕಿಸುವವರು ಹಾಕಲಿ ಬಿಡಿ ಅನ್ನುತ್ತಾರೆ. ಎಷ್ಟು ಹಾಕಬೇಕು, ಯಾವ ಲೆಕ್ಕದಲ್ಲಿ ಹಾಕಬೇಕು, ವಸೂಲಿ ಮಾಡುವವರು ಯಾರು ಅಂತ ಕೇಳಿದರೆ ಮಾತ್ರ ಎರಡೂ ಕಡೆಯವರು ಸುಮ್ಮನಾಗುತ್ತಾರೆ. ಒಂದು ಹಾಳೆ, ಒಂದು ಪೆನ್ನು ಇದ್ದರೆ ಈ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದು. ಬಳ್ಳಾರಿ, ರಾಯಚೂರು, ಕೊಪ್ಪಳದ ರಸ್ತೆಗಳನ್ನೇ ಇಟ್ಟುಕೊಂಡು ಹೇಗೆ ಅಂತ ಹೇಳುತ್ತೇನೆ. ಶಾಸಕರಿಗೆ ಮನವಿ ಕೊಡುವುದಕ್ಕೂ ಆಗುತ್ತದೆ, ಕಟ್ಟೆ ಮೇಲೆ ಕೂತು ವಾದ ಮಾಡುವುದಕ್ಕೂ ಆಗುತ್ತದೆ.

ಮೊದಲು, ಈಗ ಯಾರು ಎಷ್ಟು ಕಟ್ಟುತ್ತಿದ್ದಾರೆ ಅಂತ ಬರೆದುಕೊಳ್ಳಿ

ಒಂದು ಲೀಟರ್ ಪೆಟ್ರೋಲಿನಿಂದ ಶುರು ಮಾಡಿ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು 2 ರೂಪಾಯಿ ಏರಿಸಿತು, ಲೀಟರಿಗೆ 21.90 ರೂಪಾಯಿ ಆಯಿತು. ಅದರೊಳಗೆ ನಾಲ್ಕು ತುಂಡುಗಳಿವೆ. ಮೂಲ ಸುಂಕ 1.40, ವಿಶೇಷ ಹೆಚ್ಚುವರಿ ಸುಂಕ 13, ರಸ್ತೆ ಮತ್ತು ಮೂಲಸೌಕರ್ಯ ಸೆಸ್ 5, ಕೃಷಿ ಸೆಸ್ 2.50. ನಾಲ್ಕನ್ನೂ ಬೇರೆ ಬೇರೆ ಬರೆದಿಡಿ, ಮುಂದೆ ಬೇಕಾಗುತ್ತದೆ. ಇದರ ಮೇಲೆ ರಾಜ್ಯದ ಮಾರಾಟ ತೆರಿಗೆ. 2024ರ ಜೂನ್‌ನಲ್ಲಿ ಕರ್ನಾಟಕ ಅದನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಬಂಕಿನಲ್ಲಿ ದರ 103ರ ಆಸುಪಾಸು ಇದ್ದರೆ ರಾಜ್ಯದ ಪಾಲು 22-23 ರೂಪಾಯಿ ಬರುತ್ತದೆ. ಕೇಂದ್ರ, ರಾಜ್ಯ ಎರಡೂ ಸೇರಿ ಲೀಟರಿಗೆ ಹೆಚ್ಚು ಕಡಿಮೆ 45 ರೂಪಾಯಿ ಅಂತ ಹಿಡಿಯಿರಿ. ಈ ದರಗಳು ಬದಲಾಗುತ್ತಲೇ ಇರುತ್ತವೆ, ನೀವು ಲೆಕ್ಕ ಹಾಕುವ ದಿನದ ದರ ಹಾಕಿಕೊಳ್ಳಿ. ಲೆಕ್ಕದ ದಾರಿ ಅದೇ ಇರುತ್ತದೆ.

ಈಗ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ.

ಒಬ್ಬರು ಕುರುಗೋಡಿನಿಂದ ಬಳ್ಳಾರಿಗೆ ದಿನಾ ಬೈಕಿನಲ್ಲಿ ಕೆಲಸಕ್ಕೆ ಬರುವ ಗೌಂಡಿ. ಹೋಗಿ ಬರುವುದು 60 ಕಿಲೋಮೀಟರ್. ಬೈಕು ಲೀಟರಿಗೆ 50 ಕೊಟ್ಟರೆ ದಿನಕ್ಕೆ 1.2 ಲೀಟರ್, ಅದರಲ್ಲಿ ತೆರಿಗೆ 54 ರೂಪಾಯಿ. ತಿಂಗಳಿಗೆ 25 ದಿನ ಕೆಲಸ ಅಂದರೆ 1,350. ವರ್ಷಕ್ಕೆ 16,200 ರೂಪಾಯಿ. ಇದು ಪೆಟ್ರೋಲಿನ ಖರ್ಚಲ್ಲ ಮತ್ತೆ, ಬರೀ ತೆರಿಗೆ.

ಇನ್ನೊಬ್ಬರು ಬಳ್ಳಾರಿ ಗಾಂಧಿನಗರದವರು, ಸ್ವಂತ ಮನೆ, ಗೇಟಿನ ಒಳಗೆ ಎಲೆಕ್ಟ್ರಿಕ್ ಕಾರು. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸುತ್ತಾರೆ. ಯೂನಿಟ್ಟಿಗೆ 6 ಕಿಲೋಮೀಟರ್ ಅಂದರೆ 2,000 ಯೂನಿಟ್. ಯೂನಿಟ್ಟಿಗೆ ಅಂದಾಜು 6 ರೂಪಾಯಿ, ಅದರ ಮೇಲೆ ಜೆಸ್ಕಾಂ ಬಿಲ್ಲಿನಲ್ಲಿ ಶೇ 9 ತೆರಿಗೆ. ಅಂದರೆ ಯೂನಿಟ್ಟಿಗೆ 54 ಪೈಸೆ, ವರ್ಷಕ್ಕೆ 1,080 ರೂಪಾಯಿ. ಛಾವಣಿ ಮೇಲೆ ಸೋಲಾರ್ ಇದ್ದು ಹಗಲು ಹೊತ್ತಿನಲ್ಲಿ ಚಾರ್ಜ್‌ಗೆ ಹಾಕಿದರೆ ಇದೂ ಇಳಿಯುತ್ತದೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಬೈಕಿನವರು 16,200, ಕಾರಿನವರು 1,080. ಇವಿ ತೆರಿಗೆ ಮಾತು ಬಂದಾಗ ನನ್ನ ತಕರಾರು ಇರುವುದೆಲ್ಲ ಇಲ್ಲೇ. ಇವಿ ಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ, ಕೊಳ್ಳಲಿ, ಹೊಗೆ ಕಡಿಮೆಯಾಗುತ್ತದೆ. ಆದರೆ ಕೈಯಲ್ಲಿ ರೊಕ್ಕ ಇದ್ದವರು ಮೊದಲು ಇವಿಗೆ ಹೋಗುತ್ತಾರೆ, ಸೆಕೆಂಡ್ ಹ್ಯಾಂಡ್ ಬೈಕು ಓಡಿಸುವವರು ಕೊನೆಯವರೆಗೆ ಪೆಟ್ರೋಲಿನಲ್ಲೇ ಉಳಿಯುತ್ತಾರೆ. ಸರ್ಕಾರಕ್ಕೆ ಆದಾಯ ಕಡಿಮೆಯಾಯಿತು ಅಂತ ಪೆಟ್ರೋಲ್ ತೆರಿಗೆ ಇನ್ನೊಂದು ರೂಪಾಯಿ ಏರಿಸಿದರೆ ಅದು ಬೀಳುವುದು ಯಾರ ಮೇಲೆ?

ಕೊಳ್ಳುವಾಗ ಕಟ್ಟುವ ತೆರಿಗೆಯನ್ನೂ ಒಂದು ಸಾಲಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಕಾರಿನವರು ಬಂದು ನಿಮ್ಮ ಲೆಕ್ಕ ತಪ್ಪು ಅನ್ನುತ್ತಾರೆ. ಇವಿ ಮೇಲೆ ಜಿಎಸ್‌ಟಿ ಶೇ 5. ಪೆಟ್ರೋಲಿನ ಸಣ್ಣ ಕಾರಿಗೆ 2025ರ ಸೆಪ್ಟೆಂಬರ್‌ನಿಂದ ಶೇ 18, ದೊಡ್ಡದಕ್ಕೆ ಶೇ 40. ಇನ್ನು ಕರ್ನಾಟಕದ ಜೀವಿತಾವಧಿ ತೆರಿಗೆ. 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ ಶೇ 17, ಅದರ ಮೇಲೆ ಸೆಸ್ ಬೇರೆ, ಹಾಗಾಗಿ 12 ಲಕ್ಷದ ಕಾರಿಗೇ ಎರಡು ಲಕ್ಷ ದಾಟುತ್ತದೆ. ಇವಿಗೆ ಮೊದಲು ಇದು ಪೂರ್ತಿ ಮಾಫಿ ಇತ್ತು. 2024ರಲ್ಲಿ 25 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಇವಿಗೆ ಶೇ 10 ಹಾಕಿದರು, ಅದರ ಕೆಳಗಿನವನ್ನು ಆಗ ಮುಟ್ಟಲಿಲ್ಲ. ಅಂದರೆ ಇವಿ ಕಾರಿನವರಿಗೆ ಕೊಳ್ಳುವಾಗಲೂ ಉಳಿತಾಯ, ಓಡಿಸುವಾಗಲೂ ಉಳಿತಾಯ. ಮೊದಮೊದಲು ಹಾಗೆ ಕೊಡಲೇಬೇಕಿತ್ತು. ದೇಶದಲ್ಲೇ ಮೊದಲು ಇವಿ ನೀತಿ ತಂದಿದ್ದು ಕರ್ನಾಟಕ, 2017ರಲ್ಲಿ. ಮಂದಿ ಕೊಳ್ಳಲಿ ಅಂತಲೇ ಮಾಫಿ ಇಟ್ಟರು. ಎಲ್ಲಿಯವರೆಗೆ ಅನ್ನುವುದಷ್ಟೇ ಈಗಿನ ಪ್ರಶ್ನೆ.

ಆಮೇಲೆ, ತೆರಿಗೆ ಯಾವುದಕ್ಕೆ ಅಂತ ಬಿಡಿಸಿ

ಪೆಟ್ರೋಲ್ ತೆರಿಗೆ ಅನ್ನುವ ಒಂದೇ ಚೀಲದಲ್ಲಿ ಮೂರು ಸಾಮಾನು ತುಂಬಿದ್ದಾರೆ. ರಸ್ತೆಯ ಖರ್ಚು, ಹೊಗೆಯ ದಂಡ, ಸರ್ಕಾರ ನಡೆಸಲು ಬೇಕಾದ ಸಾಮಾನ್ಯ ಆದಾಯ. ಈ ಮೂರನ್ನು ಬೇರೆ ಮಾಡದೆ ಇವಿಗೆ ದರ ಇಡಲು ಹೋದರೆ ಗೊಂದಲವೇ.

ರಸ್ತೆ ಬಳಸುವುದರಲ್ಲಿ ಇವಿ, ಪೆಟ್ರೋಲ್ ಅಂತ ಭೇದ ಇಲ್ಲ. ಆ ಪಾಲು ಇವಿಯೂ ಕಟ್ಟಬೇಕು. ಹೊಗೆಯ ಪಾಲು ಪೆಟ್ರೋಲ್, ಡೀಸೆಲ್ ಮೇಲೇ ಇರಲಿ. ಸಾಮಾನ್ಯ ಆದಾಯಕ್ಕೆ ಗಾಡಿಯವರನ್ನೇ ಯಾಕೆ ಹಿಂಡಬೇಕು ಅನ್ನುವುದು ಬೇರೆ ವಾದ, ಅದಕ್ಕೆ ಇಲ್ಲಿ ಕೈ ಹಾಕುವುದಿಲ್ಲ.

ಹೊಗೆ ಅಂದ ಕೂಡಲೇ ನಮ್ಮ ಭಾಗದವರು ಒಂದು ಮಾತು ಸೇರಿಸಲೇಬೇಕು. ಇವಿಗೆ ಹೊಗೆ ಕೊಳವೆ ಇಲ್ಲ, ನಿಜ. ಆದರೆ ಕರೆಂಟು ಎಲ್ಲಿಂದ ಬರುತ್ತದೆ? ಶಕ್ತಿನಗರದ ಆರ್‌ಟಿಪಿಎಸ್ 1,720 ಮೆಗಾವಾಟ್, ಕುಡತಿನಿಯ ಬಿಟಿಪಿಎಸ್ 1,700, ಯರಮರಸ್ 1,600. ರಾಜ್ಯ ಸರ್ಕಾರದ ಕಲ್ಲಿದ್ದಲು ಸ್ಥಾವರ ಮೂರೂ ಇರುವುದು ನಮ್ಮ ರಾಯಚೂರು, ಬಳ್ಳಾರಿ ಎರಡು ಜಿಲ್ಲೆಗಳಲ್ಲೇ. ಬೆಂಗಳೂರಿನಲ್ಲಿ ಕಾರು ಸದ್ದಿಲ್ಲದೆ ಓಡುತ್ತದೆ, ಬೂದಿ ಇಲ್ಲಿ ಬೀಳುತ್ತದೆ. ಹಾಗಂತ ಇವಿಗೆ ಹೊಗೆ ದಂಡ ಹಾಕಿ ಅನ್ನುವುದಿಲ್ಲ, ಸೋಲಾರ್, ಗಾಳಿ ವಿದ್ಯುತ್ ಜಾಸ್ತಿಯಾದಂತೆ ಅದು ತಾನೇ ಕಡಿಮೆಯಾಗುತ್ತದೆ. ಮನವಿಯಲ್ಲಿ ಈ ಸಾಲು ಇದ್ದರೆ, ವಸೂಲಾದ ರೊಕ್ಕ ಎಲ್ಲಿಗೆ ಹೋಗಬೇಕು ಅನ್ನುವಾಗ ನಮ್ಮ ಕೈ ಮೇಲಾಗುತ್ತದೆ ಅಷ್ಟೇ.

ತೂಕದ ಲೆಕ್ಕ, ಇದನ್ನು ನಿಧಾನವಾಗಿ ಮಾಡಿ

ಸಂಡೂರಿನಿಂದ ತೋರಣಗಲ್ಲು ಕಡೆ ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಹೋಗುವಾಗ ನೆಲ ನೋಡಿ. ತುಂಬಿದ ಲಾರಿ ಹೋಗುವ ಮಗ್ಗಲಿನಲ್ಲಿ ಡಾಂಬರು ಕುಸಿದು ಗಾಲಿ ಜಾಡು ಬಿದ್ದಿರುತ್ತದೆ, ನಡುವೆ ಡಾಂಬರು ಉಬ್ಬಿ ದಿಣ್ಣೆಯಾಗಿರುತ್ತದೆ. ಖಾಲಿ ಲಾರಿ ವಾಪಸ್ ಬರುವ ಮಗ್ಗಲು ಅಷ್ಟು ಕೆಟ್ಟಿರುವುದಿಲ್ಲ. ಅವೇ ಲಾರಿಗಳು, ಅಷ್ಟೇ ಟ್ರಿಪ್ಪು, ಅದೇ ಮಳೆ, ಅದೇ ಗುತ್ತಿಗೆದಾರ. ಬೇರೆ ಇರುವುದು ಹೊರೆ ಮಾತ್ರ.

ಇದಕ್ಕೆ ಎಂಜಿನಿಯರುಗಳ ಹತ್ತಿರ ಒಂದು ಅಂದಾಜಿನ ಸೂತ್ರ ಇದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಬೇಕಂತಲೇ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಹೊರೆ ತುಂಬಿದ ಲಾರಿಗಳನ್ನು ಎರಡು ವರ್ಷ ಓಡಿಸಿ ನೋಡಿದರು. ಅದರಿಂದ ಬಂದ ತೀರ್ಮಾನ ಇದು: ಒಂದು ಆಕ್ಸಲ್ (ಎರಡೂ ಕಡೆಯ ಗಾಲಿ ಜೋಡಿಸುವ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಭಾರ ಎಷ್ಟು ಪಟ್ಟಾಯಿತೋ ಆ ಅಂಕಿಯನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಬೇಕು (2×2×2×2 = 16). ನಾಲ್ಕು ಸಲ ಗುಣಿಸುವುದು ಅಂದರೆ ಇಲ್ಲಿ ಇದೇ.

ನೀವೇ ಮಾಡಿ ನೋಡಿ. ಒಂದೂವರೆ ಟನ್ ಕಾರು, ಎರಡು ಆಕ್ಸಲ್, ಒಂದರ ಮೇಲೆ 750 ಕೆಜಿ. ತುಂಬಿದ ಲಾರಿಯ ಒಂದು ಆಕ್ಸಲ್ ಮೇಲೆ 10 ಟನ್ ಅಂತ ಹಿಡಿಯಿರಿ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂದು ಆಕ್ಸಲ್‌ಗೆ ಮಿತಿಯನ್ನು 11.5 ಟನ್‌ಗೆ ಏರಿಸಿದೆ, ಹಾಗಾಗಿ 10 ಏನೂ ಜಾಸ್ತಿ ಅಲ್ಲ. 10 ಟನ್ ಅಂದರೆ 750 ಕೆಜಿಯ ಸುಮಾರು 13 ಪಟ್ಟು. 13ನ್ನು ನಾಲ್ಕು ಸಲ ಗುಣಿಸಿದರೆ 28,561. ಲಾರಿಯ ಒಂದು ಆಕ್ಸಲ್ ಒಮ್ಮೆ ಹೋದರೆ ಕಾರಿನ ಆಕ್ಸಲ್ ಇಪ್ಪತ್ತೆಂಟು ಸಾವಿರ ಸಲ ಹೋದಷ್ಟು ಪೆಟ್ಟು. ಓವರ್‌ಲೋಡ್ ಆದರೆ ಕೇಳಲೇಬೇಡಿ.

ಈಗ ಲಾರಿ ಕಟ್ಟುವ ತೆರಿಗೆ ನೋಡಿ. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲೆ ಕೇಂದ್ರದ ಸುಂಕ 17.80 ರೂಪಾಯಿ ಆಯಿತು, ರಾಜ್ಯದ ತೆರಿಗೆ ಶೇ 21.17 ಆಯಿತು. ಎರಡೂ ಸೇರಿ ಲೀಟರಿಗೆ 33ರ ಆಸುಪಾಸು. ಲಾರಿ ಲೀಟರಿಗೆ 4 ಕಿಲೋಮೀಟರ್ ಕೊಟ್ಟರೆ ಕಿಲೋಮೀಟರಿಗೆ 8 ರೂಪಾಯಿ ಚಿಲ್ಲರೆ. ಲೀಟರಿಗೆ 15 ಕೊಡುವ ಪೆಟ್ರೋಲ್ ಕಾರು ಕಿಲೋಮೀಟರಿಗೆ 3 ರೂಪಾಯಿ ಕಟ್ಟುತ್ತದೆ. ಪೆಟ್ಟು ಸಾವಿರಾರು ಪಟ್ಟು, ತೆರಿಗೆ ಮೂರು ಪಟ್ಟೂ ಇಲ್ಲ. ಲಾರಿಗಳು ಮೂರು ತಿಂಗಳಿಗೊಮ್ಮೆ ಕಟ್ಟುವ ತೆರಿಗೆ ಸೇರಿಸಿದರೂ ಈ ಅಂತರ ತುಂಬುವುದಿಲ್ಲ.

ಇವಿ ಭಾರ ಜಾಸ್ತಿ, ರಸ್ತೆ ಹಾಳು ಮಾಡುತ್ತದೆ ಅಂತ ವಾದಿಸುವವರಿಗೂ ಇದೇ ಲೆಕ್ಕ ತೋರಿಸಿ. ಬ್ಯಾಟರಿಯಿಂದ ಕಾರಿನ ತೂಕ ಶೇ 20 ಹೆಚ್ಚಾದರೆ ಪೆಟ್ಟು ಎರಡು ಪಟ್ಟಾಗುತ್ತದೆ (1.2ನ್ನು ನಾಲ್ಕು ಸಲ ಗುಣಿಸಿ, 2.07 ಬರುತ್ತದೆ). ಕೇಳುವುದಕ್ಕೆ ದೊಡ್ಡದು. ಲಾರಿ ಪಕ್ಕದಲ್ಲಿಟ್ಟರೆ ಲೆಕ್ಕಕ್ಕೇ ಇಲ್ಲ.

ಹಾಗಾದರೆ ಕಾರಿನಿಂದ ಯಾಕೆ ವಸೂಲಿ ಮಾಡಬೇಕು? ಸವೆತ ಒಂದೇ ಖರ್ಚಲ್ಲ ಅನ್ನುವ ಕಾರಣಕ್ಕೆ. ರಸ್ತೆ ಅಗಲ ಮಾಡುವುದು ಕಾರುಗಳು ಹೆಚ್ಚಾದದ್ದಕ್ಕೆ. ಜಾಗ, ಸೇತುವೆ, ಬೈಪಾಸ್, ಸಿಗ್ನಲ್, ಬೀದಿ ದೀಪ, ಇವೆಲ್ಲ ಭಾರಕ್ಕೆ ಸಂಬಂಧಪಟ್ಟವಲ್ಲ. ಅಷ್ಟೇ ಅಲ್ಲ, ನಮ್ಮ ಕಡೆ ಬಹಳಷ್ಟು ರಸ್ತೆ ಎರೆಮಣ್ಣಿನ ಮೇಲೆ ಇದೆ. ಮಳೆಗೆ ಉಬ್ಬುತ್ತದೆ, ಬ್ಯಾಸಿಗೆಗೆ ಬಿರಿಯುತ್ತದೆ. ಸಿಂಧನೂರು, ಮಾನ್ವಿ ಕಡೆಯ ಹಳ್ಳಿ ರಸ್ತೆಗಳಲ್ಲಿ ದೊಡ್ಡ ಗಾಡಿ ಅಪರೂಪಕ್ಕೆ ಓಡಾಡಿದರೂ ಡಾಂಬರು ಅಲೆಅಲೆಯಾಗಿ ಕೂತಿರುವುದು ಇದಕ್ಕೇ. ಆ ಖರ್ಚನ್ನು ಎಲ್ಲರೂ ಓಡಿಸಿದಷ್ಟು ಹಂಚಿಕೊಳ್ಳಬೇಕು.

ಇನ್ನೊಂದು, ತೆರಿಗೆಗೆ ಸಿಗದ ಪೆಟ್ಟೂ ಇದೆ. ಗಂಗಾವತಿ, ಸಿರುಗುಪ್ಪ, ಸಿಂಧನೂರಿನಲ್ಲಿ ಭತ್ತದ ಗದ್ದೆ ಕೆಸರು ಮಾಡಿದ ಮೇಲೆ ಟ್ರ್ಯಾಕ್ಟರ್‌ಗೆ ಕಟ್ಟಿದ ಕಬ್ಬಿಣದ ಕೇಜ್ ವೀಲ್ ಬಿಚ್ಚದೆ ಹಾಗೇ ಡಾಂಬರು ರಸ್ತೆ ಮೇಲೆ ಓಡಿಸುತ್ತಾರೆ. ಡಾಂಬರಿನಲ್ಲಿ ಪಟ್ಟಿ ಪಟ್ಟಿಯಾಗಿ ಗಾಯ. ಇದಕ್ಕೆ ಕಿಲೋಮೀಟರ್ ತೆರಿಗೆ ಔಷಧ ಅಲ್ಲ, ರೈತರನ್ನು ಕೂರಿಸಿಕೊಂಡು ಮಾತಾಡಬೇಕು. ನಿಮ್ಮ ಲೆಕ್ಕದಿಂದ ಟ್ರ್ಯಾಕ್ಟರ್ ಹೊರಗಿಡಿ.

ಈಗ ಗೌಂಡಿಯ ಬೈಕಿಗೆ ಬನ್ನಿ. ಸವಾರ ಸೇರಿ 200 ಕೆಜಿ, ಒಂದು ಗಾಲಿ ಮೇಲೆ 100 ಕೆಜಿ. ಕಾರಿನ ಆಕ್ಸಲ್ ಅದರ ಏಳೂವರೆ ಪಟ್ಟು. ನಾಲ್ಕು ಸಲ ಗುಣಿಸಿದರೆ ಮೂರು ಸಾವಿರ ದಾಟುತ್ತದೆ. ಜಾಗವೂ ಅಷ್ಟು ಬೇಕಿಲ್ಲ. ಅಂದರೆ ಬೈಕು, ಆಟೋ, ಟಂಟಂ ಇವನ್ನು ಕಿಲೋಮೀಟರ್ ತೆರಿಗೆಯಿಂದ ಬಿಡುವುದಕ್ಕೆ ಯಾರ ಕನಿಕರವೂ ಬೇಕಿಲ್ಲ. ತೂಕದ ಲೆಕ್ಕವೇ ಬಿಟ್ಟುಬಿಡುತ್ತದೆ.

ಕಿಲೋಮೀಟರ್ ಎಣಿಸುವುದು ಹೇಗೆ

ಪೆಟ್ರೋಲ್ ತೆರಿಗೆಯಲ್ಲಿ ಇದ್ದ ದೊಡ್ಡ ಅನುಕೂಲ ಅಂದರೆ ಯಾರೂ ಏನೂ ಎಣಿಸಬೇಕಿರಲಿಲ್ಲ. ಜಾಸ್ತಿ ಓಡಿಸಿದವರು ಜಾಸ್ತಿ ಹಾಕಿಸುತ್ತಿದ್ದರು, ತೆರಿಗೆ ಅದರಲ್ಲೇ ಹೋಗುತ್ತಿತ್ತು. ಇವಿಗೆ ಬದಲಿ ದಾರಿ ಹುಡುಕಬೇಕು.

ಎಲ್ಲರಿಗೂ ಮೊದಲು ಹೊಳೆಯುವುದು ಕರೆಂಟಿನ ಮೇಲೆ ತೆರಿಗೆ. ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಆಗುತ್ತದೆ, ಮನೆಯಲ್ಲಿ ಆಗುವುದಿಲ್ಲ. ಮೀಟರಿಗೆ ಫ್ಯಾನ್ ಯಾವುದು, ಮೋಟರ್ ಯಾವುದು, ಕಾರು ಯಾವುದು ಗೊತ್ತಾಗುವುದಿಲ್ಲ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯಲ್ಲಿ ಸ್ಕೂಟರ್ ಚಾರ್ಜ್ ಆದರೆ ಯಾವುದರ ಮೇಲೆ ತೆರಿಗೆ ಹಾಕುತ್ತೀರಿ? ಸೋಲಾರ್ ಇದ್ದವರಂತೂ ಕೈಗೇ ಸಿಗುವುದಿಲ್ಲ. ಸ್ಟೇಷನ್ನಿನಲ್ಲಿ ಮಾತ್ರ ಹಾಕಿದರೆ ಸ್ವಂತ ಮನೆ, ಗೇಟು, ಪ್ಲಗ್ಗು ಇದ್ದವರು ತಪ್ಪಿಸಿಕೊಂಡು, ಬಾಡಿಗೆ ಮನೆಯವರು, ಟ್ಯಾಕ್ಸಿಯವರು ಕಟ್ಟುತ್ತಾರೆ. ಮತ್ತೆ ಅದೇ ಕಥೆ. ಈ ದಾರಿ ಬೇಡ.

ಟೋಲ್ ಸಾಕಲ್ಲ ಅನ್ನುವವರಿದ್ದಾರೆ. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯ, ವಸೂಲಿಗೆ ತೊಂದರೆ ಇಲ್ಲ. ಆದರೆ ಟೋಲ್ ಇರುವುದು ಹೊಸಪೇಟೆ, ಕುಷ್ಟಗಿ ಕಡೆ ಹೋಗುವಂಥ ದೊಡ್ಡ ಹೆದ್ದಾರಿಗಳಲ್ಲಿ. ದೇವದುರ್ಗದಿಂದ ರಾಯಚೂರಿಗೆ, ಯಲಬುರ್ಗಾದಿಂದ ಕೊಪ್ಪಳಕ್ಕೆ ಓಡಾಡುವವರ ಲೆಕ್ಕ ಅಲ್ಲಿ ಬರುವುದಿಲ್ಲ. ಜೊತೆಗೆ 2025ರ ಆಗಸ್ಟ್ 15ರಂದು ಖಾಸಗಿ ಕಾರುಗಳಿಗೆ ರಾಷ್ಟ್ರೀಯ ಹೆದ್ದಾರಿಯಲ್ಲಿ 200 ಟ್ರಿಪ್ಪಿನ ವಾರ್ಷಿಕ ಪಾಸ್ ಬಂತು, ಆಗ ಅದರ ದರ 3,000 ರೂಪಾಯಿ. ಪಾಸ್ ಇದ್ದವರ ಮಟ್ಟಿಗೆ ಅಲ್ಲೂ ಕಿಲೋಮೀಟರ್ ಲೆಕ್ಕ ಉಳಿಯಲಿಲ್ಲ.

ಜಿಪಿಎಸ್ ಹಾಕಿದರೆ ಎಲ್ಲ ಸರಿಯಾಗಿ ಎಣಿಸಬಹುದು, ಯಾವ ರಸ್ತೆ, ಎಷ್ಟು ಹೊತ್ತಿಗೆ ಅಂತ ಕೂಡ. ಅದೇ ಅದರ ತೊಂದರೆ. ನಾನು ಎಲ್ಲಿಗೆ ಹೋಗಿದ್ದೆ ಅಂತ ಸರ್ಕಾರಕ್ಕೆ ಯಾಕೆ ಗೊತ್ತಾಗಬೇಕು? ಲಾರಿಗಳಿಗೆ, ಬಸ್ಸುಗಳಿಗೆ ಸರಿ. ಮನೆ ಕಾರಿಗೆ ಬೇಡ.

ಉಳಿದದ್ದು ಓಡೋಮೀಟರ್. ಡ್ಯಾಶ್‌ಬೋರ್ಡ್‌ನಲ್ಲಿ ಇರುವ ಅಂಕಿ. ವರ್ಷಕ್ಕೆ ಒಂದು ಸಲ ಓದಿ, ಕಳೆದ ವರ್ಷದ್ದನ್ನು ಕಳೆಯಿರಿ, ದರದಿಂದ ಗುಣಿಸಿ. ಎಲ್ಲಿ ಹೋದರು ಅನ್ನುವುದು ಯಾರಿಗೂ ಬೇಕಿಲ್ಲ. ಇದು ಹೊಸ ಕಲ್ಪನೆಯೇನೂ ಅಲ್ಲ. ನ್ಯೂಜಿಲೆಂಡ್‌ನಲ್ಲಿ 1978ರಿಂದಲೂ ಡೀಸೆಲ್ ಗಾಡಿಗಳು ಕಿಲೋಮೀಟರ್ ಲೆಕ್ಕದಲ್ಲೇ ಕಟ್ಟುತ್ತವೆ. ಸಾವಿರ ಕಿಲೋಮೀಟರಿನ ಪ್ಯಾಕನ್ನು ಮೊದಲೇ ಕೊಳ್ಳಬೇಕು, ಮೊಬೈಲ್ ರೀಚಾರ್ಜ್ ಇದ್ದ ಹಾಗೆ. ಮುಗಿಯುವ ಹೊತ್ತಿಗೆ ಇನ್ನೊಂದು. 2024ರ ಏಪ್ರಿಲ್‌ನಿಂದ ಇವಿಗಳನ್ನೂ ಅದರೊಳಗೆ ತಂದರು. ಐಸ್‌ಲ್ಯಾಂಡ್ 2024ರ ಜನವರಿಯಲ್ಲಿ ಇವಿಗೆ ಕಿಲೋಮೀಟರಿಗೆ 6 ಕ್ರೋನಾ ಅಂತ ಶುರು ಮಾಡಿತು.

ನಮ್ಮಲ್ಲಿ ಓದುವವರು ಯಾರು? ಇನ್ಶೂರೆನ್ಸ್ ನವೀಕರಣದ ಹೊತ್ತಿಗೆ ಓದಿಸಬಹುದು ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ ತೂತಿದೆ. 2018ರಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮೂರು ವರ್ಷಕ್ಕೆ ಒಂದೇ ಸಲ ಮಾಡಿಸುತ್ತಾರೆ. ಆಮೇಲೆ ಹಳ್ಳಿ ಕಡೆ ಎಷ್ಟು ಗಾಡಿಗೆ ಇನ್ಶೂರೆನ್ಸ್ ಇದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನನ್ನ ಮತ ಬಂಕಿನ ಪಕ್ಕದ ಎಮಿಷನ್ ಟೆಸ್ಟ್ ಅಂಗಡಿಗೆ. ಅವರ ಹತ್ತಿರ ಕಂಪ್ಯೂಟರ್ ಇದೆ, ನಂಬರ್ ಪ್ಲೇಟಿನ ಫೋಟೋ ತೆಗೆಯುವ ಕ್ಯಾಮೆರಾ ಇದೆ, ಸಾರಿಗೆ ಇಲಾಖೆಯ ದಾಖಲೆಗೆ ಕನೆಕ್ಷನ್ ಇದೆ. ಇವಿಗೆ ಹೊಗೆ ಸರ್ಟಿಫಿಕೇಟ್ ಬೇಕಿಲ್ಲ, ಹಾಗಾಗಿ ಅವರ ವ್ಯಾಪಾರ ಕಡಿಮೆಯಾಗುವುದು ಖಾತ್ರಿ. ಅದೇ ಕ್ಯಾಮೆರಾದಲ್ಲಿ ನಂಬರ್ ಪ್ಲೇಟ್ ಒಂದು ಫೋಟೋ, ಓಡೋಮೀಟರ್ ಒಂದು ಫೋಟೋ. ಎರಡು ನಿಮಿಷದ ಕೆಲಸ. ಫೀ ಕಟ್ಟಿದ ರಸೀದಿ ಫೋನಿಗೆ ಬರಲಿ, ತೆರಿಗೆಯನ್ನು ಯುಪಿಐನಲ್ಲಿ ಒಂದೇ ಸಲಕ್ಕೋ ನಾಲ್ಕು ಕಂತಿನಲ್ಲೋ ಕಟ್ಟಲಿ. ವರ್ಷಕ್ಕೊಮ್ಮೆ ಐದಾರು ಸಾವಿರ ಒಂದೇ ಏಟಿಗೆ ಕೇಳಿದರೆ ಕಟ್ಟುವವರಿಗೂ ಕಷ್ಟ. ಪೆಟ್ರೋಲಿನಲ್ಲಿ ಅದು ನೂರು ಇನ್ನೂರರಲ್ಲಿ ಗೊತ್ತಾಗದೆ ಹೋಗುತ್ತಿತ್ತು.

ಓಡೋಮೀಟರ್ ತಿರುಗಿಸುವವರು ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಸರ್ವಿಸ್ ಸೆಂಟರ್‌ನಲ್ಲಿ ಪ್ರತಿ ಸಲ ಅಂಕಿ ಬರೆದುಕೊಳ್ಳುತ್ತಾರೆ, ಅದಕ್ಕೆ ತಾಳೆ ನೋಡಿದರೆ ಬಹಳಷ್ಟು ಸಿಕ್ಕಿಬೀಳುತ್ತವೆ. ಉಳಿದವರಿಗೆ ದಂಡ ದೊಡ್ಡದಿರಲಿ.

ಗಡಿಯ ಪ್ರಶ್ನೆ ನಮಗೆ ಬಹಳ ಮುಖ್ಯ. ರಾಯಚೂರಿನವರು ಹೈದರಾಬಾದಿಗೆ, ಮಂತ್ರಾಲಯಕ್ಕೆ ಹೋಗುತ್ತಾರೆ, ಬಳ್ಳಾರಿಯವರು ಗುಂತಕಲ್ಲು, ಆದೋನಿಗೆ. ತೆಲಂಗಾಣದ ರಸ್ತೆಯಲ್ಲಿ ಓಡಿದ ಕಿಲೋಮೀಟರಿಗೆ ಕರ್ನಾಟಕ ಯಾಕೆ ತೆರಿಗೆ ತಗೊಳ್ಳಬೇಕು? ಸರಿಯಾದ ಪ್ರಶ್ನೆ. ಆದರೆ ಈಗಲೂ ಅದೇ ಆಗುತ್ತಿದೆ, ಆಂಧ್ರದಲ್ಲಿ ಪೆಟ್ರೋಲ್ ದರ ಜಾಸ್ತಿ ಅಂತ ಅಲ್ಲಿನವರು ಗಡಿ ದಾಟಿ ನಮ್ಮ ಬಂಕಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಅವರ ರಸ್ತೆಯಲ್ಲಿ ಓಡಿಸುತ್ತಾರೆ. ಮನೆ ಕಾರುಗಳ ಮಟ್ಟಿಗೆ ಈ ತಲೆನೋವು ಬಿಟ್ಟುಬಿಡಿ. ಆ ಕಡೆಯಿಂದಲೂ ಅಷ್ಟೇ ಕಾರು ಬರುತ್ತವೆ. ನ್ಯಾಷನಲ್ ಪರ್ಮಿಟ್ ಲಾರಿಗಳಿಗೆ ಮಾತ್ರ ರಾಜ್ಯವಾರು ಲೆಕ್ಕ ಬೇಕು.

ಕಾನೂನಿನ ಕಡೆಯೂ ಒಮ್ಮೆ ನೋಡಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2021ರಲ್ಲಿ ಇವಿಗೆ ಇಂಥದೇ ತೆರಿಗೆ ಹಾಕಿತ್ತು, ಓಡೋಮೀಟರ್ ಫೋಟೋ ಕಳಿಸಬೇಕಿತ್ತು. 2023ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ (ಆ ದೇಶದಲ್ಲಿ ಅದೇ ಎಲ್ಲಕ್ಕಿಂತ ಮೇಲಿನ ಕೋರ್ಟ್) ಅದನ್ನು ರದ್ದು ಮಾಡಿತು, ಅಂಥ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಅಂತ. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಾಹನಗಳ ಮೇಲಿನ ತೆರಿಗೆ ರಾಜ್ಯ ಪಟ್ಟಿಯಲ್ಲೇ ಇದೆ, 57ನೇ ನಮೂದು. ಹಾಗಾಗಿ ಮನವಿಯನ್ನು ಬೆಂಗಳೂರಿಗೆ ಕೊಡಿ.

ದರ ಎಷ್ಟು ಇಡಬೇಕು

ಇಲ್ಲಿ ಮೊದಲು ಬರೆದಿಟ್ಟ ರಸ್ತೆ ಸೆಸ್ 5 ರೂಪಾಯಿ ತೆಗೆಯಿರಿ. ಲೀಟರಿಗೆ 15 ಕೊಡುವ ಕಾರು ಈ ಸೆಸ್ ರೂಪದಲ್ಲಿ ಕಿಲೋಮೀಟರಿಗೆ 33 ಪೈಸೆ ಕಟ್ಟುತ್ತಿದೆ. ವರ್ಷಕ್ಕೆ 12,000 ಕಿಲೋಮೀಟರಿಗೆ 4,000 ರೂಪಾಯಿ. ಪೆಟ್ರೋಲ್ ಕಾರಿನವರು ರಸ್ತೆ ಹೆಸರಿನಲ್ಲಿ ಕೊಡುವಷ್ಟನ್ನು ಇವಿಯವರೂ ಕೊಡಲಿ ಅಂತ ಕೇಳುವುದು ಅನ್ಯಾಯ ಅಲ್ಲ, ಅಲ್ವಾ? ಪೂರ್ತಿ 3 ರೂಪಾಯಿ ಕೇಳಿದರೆ ಮಾತ್ರ ಅತಿಯಾಗುತ್ತದೆ.

ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ. ಖಾಲಿ ತೂಕ 800 ಕೆಜಿ ಒಳಗಿನ ಯಾವ ಗಾಡಿಗೂ ಏನೂ ಇಲ್ಲ, ಬೈಕು, ಸ್ಕೂಟರ್, ಆಟೋ ಎಲ್ಲ ಇದರಲ್ಲಿ ಬಂತು. ಒಂದೂವರೆ ಟನ್‌ವರೆಗೆ ಕಿಲೋಮೀಟರಿಗೆ 30 ಪೈಸೆ. ಎರಡು ಟನ್‌ವರೆಗೆ 50 ಪೈಸೆ. ಅದರ ಮೇಲೆ 80 ಪೈಸೆ. 12,000 ಕಿಲೋಮೀಟರ್ ಓಡಿಸಿದರೆ 3,600, 6,000, 9,600 ರೂಪಾಯಿ ಆಗುತ್ತದೆ. ಬೆಲೆ ನೋಡಿ ಅಲ್ಲ, ತೂಕ ನೋಡಿ. ದುಬಾರಿ ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿದರೆ ರಸ್ತೆಗೆ ಏನೂ ಆಗುವುದಿಲ್ಲ.

ಲಾರಿಗಳ ದರವನ್ನು ಒಟ್ಟು ತೂಕಕ್ಕೆ ಕಟ್ಟಬೇಡಿ, ಆಕ್ಸಲ್ ಮೇಲಿನ ಭಾರಕ್ಕೆ ಕಟ್ಟಿ. ಅದೇ ಹೊರೆಯನ್ನು ಹೆಚ್ಚು ಆಕ್ಸಲ್ ಮೇಲೆ ಹಂಚಿಕೊಂಡು ಹೋಗುವ ಲಾರಿಗೆ ದರ ಕಡಿಮೆ ಇರಲಿ. ಆಗ ಮಾಲೀಕರೇ ಅಂಥ ಲಾರಿ ಕೊಳ್ಳುತ್ತಾರೆ. ನ್ಯೂಜಿಲೆಂಡ್‌ನಲ್ಲೂ ದರ ಆಕ್ಸಲ್ ಎಣಿಸಿಯೇ ಇರುವುದು. ಪೂರ್ತಿ ಪೆಟ್ಟಿನ ಲೆಕ್ಕ ಒಂದೇ ಸಲಕ್ಕೆ ವಸೂಲಿ ಮಾಡಲು ಹೋದರೆ ಗಂಗಾವತಿಯ ಅಕ್ಕಿ ಬೆಲೆ ಎಲ್ಲ ಕಡೆ ಏರುತ್ತದೆ, ಹಾಗಾಗಿ ಓವರ್‌ಲೋಡ್‌ನಿಂದ ಶುರು ಮಾಡಿ. ಅದಿರು ಲಾರಿ ತುಂಬುವ ಜಾಗದಲ್ಲೇ ವೇಬ್ರಿಡ್ಜ್ ಇರುತ್ತದೆ. ಚೀಟಿಯಲ್ಲಿ ತೂಕ ಬಂದ ಕೂಡಲೇ ತೆರಿಗೆಯೂ ಬರುವ ಹಾಗೆ ಮಾಡುವುದು ಕಷ್ಟ ಅಲ್ಲ. ಮನಸ್ಸು ಬೇಕು.

ಯಾವಾಗ ಶುರು ಮಾಡಬೇಕು

ಈಗಲೇ ಘೋಷಣೆ, ಎರಡು ಮೂರು ವರ್ಷ ಬಿಟ್ಟು ವಸೂಲಿ. ಬ್ರಿಟನ್ 2025ರ ನವೆಂಬರ್‌ನಲ್ಲಿ ಇವಿಗೆ ಮೈಲಿಗೆ 3 ಪೆನ್ಸ್ ಅಂತ ಹೇಳಿತು, ಶುರು 2028ರ ಏಪ್ರಿಲ್‌ನಿಂದ. ಕೊಳ್ಳುವವರಿಗೆ ಮೊದಲೇ ಗೊತ್ತಿರುತ್ತದೆ. ನ್ಯೂಜಿಲೆಂಡ್‌ನವರು ಉಲ್ಟಾ ಮಾಡಿದರು. 2023ರ ಕೊನೆಗೆ ಇವಿ ರಿಯಾಯಿತಿ ನಿಲ್ಲಿಸಿ, ಅದಾದ ಮೂರೇ ತಿಂಗಳಿಗೆ ಕಿಲೋಮೀಟರ್ ಶುಲ್ಕವನ್ನೂ ಹಾಕಿದರು, ಇವಿ ಮಾರಾಟ ಬಿದ್ದುಹೋಯಿತು. ಒಂದು ಕೈಯಲ್ಲಿ ಕೊಡುವುದನ್ನು ನಿಲ್ಲಿಸಿದ ಹೊತ್ತಿಗೇ ಇನ್ನೊಂದು ಕೈಯಲ್ಲಿ ಕೇಳಬಾರದು.

ಶುರುವಾದ ಮೇಲೆ ಪೆಟ್ರೋಲ್ ಕಡೆಯೂ ಒಂದು ಬದಲಾವಣೆ ಬೇಕು. ಪೆಟ್ರೋಲ್ ಕಾರುಗಳನ್ನೂ ನಿಧಾನಕ್ಕೆ ಕಿಲೋಮೀಟರ್ ಲೆಕ್ಕಕ್ಕೆ ತಂದು, ಅಷ್ಟರ ಮಟ್ಟಿಗೆ ಪೆಟ್ರೋಲ್ ಮೇಲಿನ ರಸ್ತೆ ಸೆಸ್ ಇಳಿಸುವುದು. ಬೈಕು 800 ಕೆಜಿ ಒಳಗೆ ಇರುವುದರಿಂದ ಕಿಲೋಮೀಟರ್ ತೆರಿಗೆ ಬೀಳುವುದಿಲ್ಲ, ಸೆಸ್ ಇಳಿದದ್ದು ಮಾತ್ರ ಉಳಿಯುತ್ತದೆ. ಲೀಟರಿಗೆ 5 ರೂಪಾಯಿ ಪೂರ್ತಿ ಇಳಿದರೆ ಕುರುಗೋಡಿನ ಗೌಂಡಿಗೆ ವರ್ಷಕ್ಕೆ 360 ಲೀಟರಿಗೆ 1,800 ರೂಪಾಯಿ ಉಳಿತಾಯ. ಸೆಸ್ ಕೇಂದ್ರದ್ದು, ಕಿಲೋಮೀಟರ್ ತೆರಿಗೆ ರಾಜ್ಯದ್ದು, ಇವರಿಬ್ಬರೂ ಕೂತು ಮಾತಾಡಬೇಕು ಅನ್ನುವುದೇ ಇಡೀ ಲೆಕ್ಕದಲ್ಲಿ ಕಷ್ಟದ ಜಾಗ.

ರೊಕ್ಕ ಎಲ್ಲಿಗೆ

ಪೆಟ್ರೋಲಿನ 21.90ರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳುವುದು ಮೂಲ ಸುಂಕ 1.40 ಮಾತ್ರ. ಸೆಸ್, ವಿಶೇಷ ಸುಂಕ ಎಲ್ಲ ಹಂಚಿಕೆಯ ಹೊರಗೆ. ಕಿಲೋಮೀಟರ್ ತೆರಿಗೆ ರಾಜ್ಯದ್ದೇ ಆದರೆ ಇಲ್ಲಿ ನಾವು ಷರತ್ತು ಹಾಕಬಹುದು. ಅದು ಪ್ರತ್ಯೇಕ ರಸ್ತೆ ಖಾತೆಗೆ ಹೋಗಬೇಕು, ಅದರಲ್ಲಿ ಒಂದು ಪಾಲು ಗಾಡಿ ನೋಂದಣಿಯಾದ ಜಿಲ್ಲೆಯ ಹಳ್ಳಿ ರಸ್ತೆಗೆ ಬರಬೇಕು ಅಂತ ಬರೆಯಿರಿ. ಕೆಎ 34, 36, 37ರ ಗಾಡಿಗಳಿಂದ ಎಷ್ಟು ಬಂತು, ಎಷ್ಟು ಕಿಲೋಮೀಟರ್ ರಸ್ತೆಗೆ ಹೋಯಿತು ಅಂತ ವರ್ಷಕ್ಕೊಮ್ಮೆ ಜಿಲ್ಲಾ ಪಂಚಾಯಿತಿ ಗೋಡೆಗೆ ಅಂಟಿಸಲಿ. ಆದರೆ ಕಾರು ಬೆಂಗಳೂರಿನಲ್ಲೇ ಜಾಸ್ತಿ, ರೊಕ್ಕವೂ ಅಲ್ಲೇ ಜಾಸ್ತಿ ಸೇರುತ್ತದೆ. ಶಕ್ತಿನಗರ, ಯರಮರಸ್, ಕುಡತಿನಿಯ ಬೂದಿಯ ಸಾಲನ್ನು ಮೊದಲೇ ಬರೆಸಿದ್ದು ಇದಕ್ಕೇ. ಕರೆಂಟು ಕೊಡುವ ಜಿಲ್ಲೆಗೆ ಬೇರೆ ಪಾಲು ಕೇಳಿ.

ಕೊನೆಗೆ ಒಂದು ಸಣ್ಣ ಸಂಗತಿ, ಮರೆತರೆ ಆಮೇಲೆ ಜಗಳ. ಸೆಕೆಂಡ್ ಹ್ಯಾಂಡ್ ಇವಿ ಕೊಳ್ಳುವವರ ಮೇಲೆ ಹಳೇ ಮಾಲೀಕರ ಬಾಕಿ ಬೀಳಬಾರದು. ಆರ್‌ಸಿ ಹೆಸರು ಬದಲಾಯಿಸುವ ದಿನ ಓಡೋಮೀಟರ್ ಫೋಟೋ ಕಡ್ಡಾಯ, ಅಲ್ಲಿಯವರೆಗಿನ ತೆರಿಗೆ ಮಾರುವವರದ್ದು, ಕಟ್ಟದಿದ್ದರೆ ಆರ್‌ಟಿಒದಲ್ಲಿ ಕಾಗದ ಮುಂದೆ ಹೋಗಬಾರದು. ಇದನ್ನೂ ಮನವಿಯಲ್ಲಿ ಒಂದು ಸಾಲು ಸೇರಿಸಿಬಿಡಿ.